ಬದಲಿಗೆ ಹೋದವನು

"ಗುರುಗಳೇ, ಒಬ್ಬನಿಗಾಗಿ ನಿಯಮವನ್ನು ಸ್ವಲ್ಪ ಸಡಿಲಿಸಿದರೆ ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂದಾದರೆ, ಸಡಿಲಿಸುವುದು ತಪ್ಪೇ?"

ಹೀಗೆ ಕೇಳಿದವನು ನಾಗಭೂಷಣ. ಚಿಕ್ಕಂದಿನಲ್ಲಿ ಗುರುಗಳ ಆಶ್ರಮದಲ್ಲಿದ್ದು ಓದಿದವನು. ಮುಂದೆ ಬ್ಯಾಸ್ಕೆಟ್‌ಬಾಲ್ ಆಟಗಾರನಾದ. ಮೈಯಲ್ಲಿ ಕಸುವಿರುವ ತನಕ ಆಡಿದ. ಈಗ ಒಂದು ದೊಡ್ಡ ಲೀಗಿನ ನಿಯಮ ಸಮಿತಿಗೆ ಅಧ್ಯಕ್ಷ. ಮನಸ್ಸಿಗೆ ಕಷ್ಟವಾದಾಗ ಮಾತ್ರ ಆಶ್ರಮಕ್ಕೆ ಬರುತ್ತಿದ್ದ. ಗುರುಗಳಿಗೆ ಅದು ಗೊತ್ತಿತ್ತು.

"ಏನಾಯಿತು, ಹೇಳು" ಎಂದರು.

"ನಮ್ಮ ಲೀಗಿನಲ್ಲಿ ಒಂದು ಗಡುವು ಇದೆ. ಅದು ದಾಟಿದ ಮೇಲೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವಂತಿಲ್ಲ. ಮಾಡಿಕೊಂಡರೆ, ಹಾಗೆ ತಂಡ ಬದಲಿಸಿದವರು ಆ ವರ್ಷ ಆಡುವಂತಿಲ್ಲ. ಈ ಸಲ ಎರಡು ತಂಡಗಳು ಗಡುವು ದಾಟಿದ ಮೇಲೆ ಅದಲುಬದಲು ಮಾಡಿಕೊಂಡಿವೆ. ಅದರಲ್ಲಿ ಕುಶಾಲಪ್ಪ ಇದ್ದಾನೆ. ಅವನ ಕೈಗೆ ಚೆಂಡು ಬಂದರೆ ಕ್ರೀಡಾಂಗಣವೇ ಎದ್ದು ನಿಲ್ಲುತ್ತದೆ. ಅವನನ್ನು ಕೂರಿಸಿದರೆ ಜನ ಬರುವುದಿಲ್ಲ. ಜನ ಬರದಿದ್ದರೆ ಚಿಕ್ಕ ತಂಡಗಳು ಮುಚ್ಚಿಹೋಗುತ್ತವೆ. ಮಾತುಕತೆ ಗಡುವಿಗೆ ಮೊದಲೇ ಮುಗಿದಿತ್ತು ಎಂದು ನಾನು ಒಪ್ಪಿಕೊಂಡರೆ ಸಾಕು, ಕುಶಾಲಪ್ಪ ಆಡುತ್ತಾನೆ, ಎಲ್ಲರೂ ಉಳಿಯುತ್ತಾರೆ. ನಾಳೆ ನನ್ನ ತೀರ್ಮಾನ ಹೇಳಬೇಕು."

ಗುರುಗಳು ಅವನನ್ನು ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಹೊಳೆಯ ಎರಡು ದಂಡೆಗಳ ಊರುಗಳಲ್ಲಿ ಹಿಂದೆ ಕುಸ್ತಿಯೇ ದೊಡ್ಡ ಆಟ. ಊರಿಗೊಂದು ಗರಡಿ ಇತ್ತು. ಸುಗ್ಗಿ ಮುಗಿದ ಮೇಲೆ ಒಂದು ದಿನ ಎಲ್ಲ ಗರಡಿಗಳ ಹಿರಿಯರು ಕೂಡಿ ಜೋಡಿ ಕಟ್ಟುತ್ತಿದ್ದರು. ಯಾವ ಪೈಲ್ವಾನ ಯಾರ ಮೇಲೆ ಇಳಿಯಬೇಕು ಎಂದು ಅಂದೇ ಗೊತ್ತಾಗುತ್ತಿತ್ತು. ಅಂದಿನಿಂದ ಯುಗಾದಿಯ ತನಕ ಕುಸ್ತಿಯ ಕಾಲ. ಯುಗಾದಿಯ ಮರುದಿನ ದೊಡ್ಡ ಕುಸ್ತಿ. ಅದನ್ನು ನೋಡಲು ದೂರದ ಊರುಗಳಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅಂದು ಬಂದ ಆದಾಯದಲ್ಲಿಯೇ ಚಿಕ್ಕ ಗರಡಿಗಳ ವರ್ಷದ ಖರ್ಚು ನಡೆಯುತ್ತಿತ್ತು.

ಗರಡಿಗಳು ಒಂದು ಕಟ್ಟಳೆ ಮಾಡಿಕೊಂಡಿದ್ದವು. ಜೋಡಿ ಕಟ್ಟಿದ ಮೇಲೆ ಯಾವ ಪೈಲ್ವಾನನೂ ಗರಡಿ ಬದಲಿಸುವಂತಿಲ್ಲ. ಬದಲಿಸಿದರೆ ಆ ವರ್ಷ ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಕಣಕ್ಕೆ, ಇಳಿಯುವಂತಿಲ್ಲ. ಈ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ದೊಡ್ಡ ಊರಿನ ಗರಡಿಗಳು ಕುಸ್ತಿಯ ಕಾಲದ ನಡುವೆ ಬಂದು, ಯಾರು ಗೆಲ್ಲುತ್ತಿದ್ದಾರೆ ಎಂದು ನೋಡಿ, ಅವರನ್ನು ಕರೆದುಕೊಂಡು ಹೋಗುತ್ತಿದ್ದವು. ಪೈಲ್ವಾನರು ಬಿಟ್ಟುಹೋದ ಗರಡಿಗಳ ಬಾಗಿಲು ಮುಚ್ಚುತ್ತಿತ್ತು. ಚಿಕ್ಕವರು ಉಳಿಯಲಿ ಎಂದೇ ಕಟ್ಟಳೆ ಮಾಡಿದ್ದು.

ಕಟ್ಟಳೆ ನೋಡಿಕೊಳ್ಳಲು ಒಬ್ಬ ಯಜಮಾನರಿದ್ದರು. ಹೆಸರು ಮುರಿಗೆಪ್ಪ ಶೆಟ್ಟರು. ಧಾನ್ಯದ ವರ್ತಕರು. ಅವರು ಯಾವ ಗರಡಿಗೂ ಸೇರಿದವರಲ್ಲ. ಯಾರ ಮನೆಯ ಊಟಕ್ಕೂ ಹೋಗುತ್ತಿರಲಿಲ್ಲ. ಅವರ ಮಾತಿಗೆ ಎದುರು ಮಾತು ಇರಲಿಲ್ಲ.

ಹೊಳೆಯ ಈಚೆ ದಂಡೆಯಲ್ಲಿ ಒಂದು ಚಿಕ್ಕ ಗರಡಿ ಇತ್ತು. ಅದನ್ನು ಹೊಳೆ ಗರಡಿ ಎನ್ನುತ್ತಿದ್ದರು. ಅದರ ಉಸ್ತಾದ್ ಇಮಾಮಸಾಬರು. ಅವರ ಶಿಷ್ಯ ಭರಮಣ್ಣ. ಆ ಸೀಮೆಯಲ್ಲಿ ಭರಮಣ್ಣನ ಬೆನ್ನು ಮಣ್ಣಿಗೆ ತಾಗಿಸಿದವರು ಇರಲಿಲ್ಲ. ತಾಯಿ ಇಲ್ಲದ ಅವನನ್ನು ಇಮಾಮಸಾಬರೇ ತಂದು ಸಾಕಿದ್ದರು. ಅವರ ಹೆಂಡತಿ ತಮ್ಮ ಮಕ್ಕಳ ತಟ್ಟೆಗೆ ಹಾಕುವ ಮುಂಚೆ ಅವನ ತಟ್ಟೆಗೆ ಹಾಕುತ್ತಿದ್ದರು.

ಆಚೆ ದಂಡೆಯಲ್ಲಿ ದೊಡ್ಡ ಊರು. ಅಲ್ಲಿನ ಗರಡಿ ಕೋಟೆ ಗರಡಿ. ಅಲ್ಲಿ ಪೈಲ್ವಾನರು ಬಹಳ ಮಂದಿ ಇದ್ದರು. ಅವರಲ್ಲಿ ದುರುಗಪ್ಪ ಎಂಬವನೊಬ್ಬ. ದೊಡ್ಡ ಪೈಲ್ವಾನನಲ್ಲ, ಕೆಟ್ಟವನೂ ಅಲ್ಲ. ಹಲವು ವರ್ಷ ಬೇರೆಯವರ ಜೊತೆ ತಾಲೀಮು ಮಾಡುತ್ತಾ, ಬೇರೆಯವರಿಗೆ ಮೈ ತಿಕ್ಕುತ್ತಾ ಕಾದಿದ್ದ. ಆ ವರ್ಷ ಮೊದಲ ಸಲ ದೊಡ್ಡ ಕುಸ್ತಿಗೆ ಅವನ ಜೋಡಿ ಕಟ್ಟಿದ್ದರು. ಅವನ ಹೆಂಡತಿ ಬಸುರಿ. ಹುಟ್ಟುವ ಮಗು ನನ್ನ ಕುಸ್ತಿ ನೋಡಿಕೊಂಡೇ ಹುಟ್ಟಲಿ ಎಂದು ಅವನು ಹೆಂಡತಿಯ ಹತ್ತಿರ ಹೇಳಿ ನಗುತ್ತಿದ್ದ.

ಜೋಡಿ ಕಟ್ಟಿ ಕೆಲವು ದಿನವಾಗಿತ್ತು. ಕೋಟೆ ಗರಡಿಯವರು ಗುಟ್ಟಾಗಿ ಭರಮಣ್ಣನನ್ನು ಕಂಡರು. ನಮ್ಮಲ್ಲಿಗೆ ಬಾ ಎಂದರು. ಭರಮಣ್ಣ ಆಸೆಬುರುಕನಾಗಿರಲಿಲ್ಲ. ಆದರೆ ಅವನಿಗೂ ಒಂದು ಸಂಕಟವಿತ್ತು. ಹೊಳೆ ಗರಡಿಯಲ್ಲಿ ಅವನ ಜೊತೆ ತಾಲೀಮು ಮಾಡುವವರು ಯಾರೂ ಅವನ ಸಮಕ್ಕೆ ಇರಲಿಲ್ಲ. ದಿನವೂ ತನಗಿಂತ ಕೆಳಗಿನವರ ಜೊತೆ ಸೆಣಸಿ ತನ್ನ ವಿದ್ಯೆ ಮೊಂಡಾಗುತ್ತಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಪೈಲ್ವಾನನಿಗೆ ಒಳ್ಳೆಯ ವರ್ಷಗಳು ಕಡಿಮೆ. ಅವನು ಅದನ್ನು ತಿಳಿದವನು.

"ಕಟ್ಟಳೆ ಇದೆಯಲ್ಲ?" ಎಂದು ಅವನು ಕೋಟೆ ಗರಡಿಯವರನ್ನು ಕೇಳಿದ.

"ನಿನ್ನನ್ನು ಯಾರು ಕೂರಿಸುತ್ತಾರೆ? ಅದನ್ನು ನಮಗೆ ಬಿಡು" ಎಂದರು ಅವರು.

ಭರಮಣ್ಣ ಉಸ್ತಾದರ ಮುಂದೆ ನಿಂತು ತಲೆ ತಗ್ಗಿಸಿ ವಿಷಯ ಹೇಳಿದ. ಇಮಾಮಸಾಬರು ಬೈಯಲಿಲ್ಲ. ಮನಸ್ಸು ಬೇರೆ ಕಡೆ ಇರುವವನನ್ನು ಮಟ್ಟಿಗೆ ಇಳಿಸಿದರೆ ಅವನ ಮೂಳೆ ಮುರಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಹೋಗು ಎಂದರು. ಅವನ ಬದಲಿಗೆ ಕೋಟೆ ಗರಡಿಯವರು ಒಬ್ಬನನ್ನು ಕೊಡುತ್ತೇವೆ ಎಂದರು. ಯಾರನ್ನು ಎಂದು ಇಮಾಮಸಾಬರು ಕೇಳಲಿಲ್ಲ. ಆ ದಿನ ಅವರಿಗೆ ಯಾರಾದರೂ ಒಂದೇ ಆಗಿತ್ತು.

ಕೋಟೆ ಗರಡಿಯವರು ಕೊಟ್ಟದ್ದು ದುರುಗಪ್ಪನನ್ನು. ಹೋಗುತ್ತೀಯಾ ಎಂದು ಅವನನ್ನು ಯಾರೂ ಕೇಳಲಿಲ್ಲ. ನಾಳೆ ಹೊರಡು ಎಂದರು. ಅವನು ಹೆಂಡತಿಯನ್ನು ತವರಿನವರ ಹತ್ತಿರ ಬಿಟ್ಟು, ಬಟ್ಟೆಯ ಗಂಟು ಹೊತ್ತುಕೊಂಡು ಹೊರಟ.

ಇಬ್ಬರೂ ಹೊಳೆ ದಾಟುವ ಜಾಗದಲ್ಲಿ ಎದುರಾದರು. ಭರಮಣ್ಣ ಆಗಷ್ಟೇ ದೋಣಿ ಇಳಿದಿದ್ದ. ದುರುಗಪ್ಪ ಅದೇ ದೋಣಿ ಹತ್ತಬೇಕಿತ್ತು.

"ಎತ್ತ ಹೊರಟೆ, ದುರುಗಪ್ಪ?"

"ನಿಮ್ಮ ಜಾಗಕ್ಕೆ, ಅಣ್ಣಾ."

ಭರಮಣ್ಣ ಅವನು ಹತ್ತಲೆಂದು ದೋಣಿಯ ಅಂಚು ಹಿಡಿದ. ಉಸ್ತಾದರ ಮನೆಯಲ್ಲಿ ಊಟ ಚೆನ್ನಾಗಿರುತ್ತದೆ ಎಂದ. ದುರುಗಪ್ಪ ಆಗಲಿ ಎಂದು ದೋಣಿ ಹತ್ತಿದ.

ಸುದ್ದಿ ಎಲ್ಲ ಊರುಗಳಿಗೂ ಹಬ್ಬಿತು. ಜನ ಮುರಿಗೆಪ್ಪ ಶೆಟ್ಟರ ಅಂಗಡಿಯ ಮುಂದೆ ಸೇರಿದರು. ಭರಮಣ್ಣ ಇಳಿಯದಿದ್ದರೆ ದೊಡ್ಡ ಕುಸ್ತಿಗೆ ಯಾರು ಬರುತ್ತಾರೆ ಎಂದು ಕೇಳಿದರು. ಚಿಕ್ಕ ಗರಡಿಗಳ ಉಸ್ತಾದರೂ ಬಂದರು. ಈ ಒಂದು ಸಲ ನೋಡಿ ಯಜಮಾನರೇ, ನಮ್ಮ ಒಲೆ ಉರಿಯುವುದೂ ಅದರಿಂದಲೇ ಎಂದರು. ಕಟ್ಟಳೆ ಯಾರಿಗಾಗಿ ಹುಟ್ಟಿತೋ ಅವರೇ ಬಂದು ಕಟ್ಟಳೆ ಬಿಡಿ ಎನ್ನುತ್ತಿದ್ದರು. ಶೆಟ್ಟರು ದಿನವೆಲ್ಲ ಯೋಚಿಸಿದರು. ಅವರು ಲಂಚ ತಿನ್ನುವವರಲ್ಲ. ಹೆದರುವವರೂ ಅಲ್ಲ. ಎಲ್ಲರಿಗೂ ಒಳ್ಳೆಯದಾಗಲಿ ಎಂದು ಮನಸ್ಸಿನಿಂದ ಬಯಸಿದರು.

ಹಾಗೆ ಬಯಸಿದ ಮೇಲೆ ದಾರಿ ಹುಡುಕುವುದು ಕಷ್ಟವಾಗಲಿಲ್ಲ. ಅವರು ತಾವೇ ಊರೂರು ತಿರುಗಿ ವಿಚಾರಿಸಿದರು. ಜೋಡಿ ಕಟ್ಟುವ ಮೊದಲು ಒಂದು ಮದುವೆಮನೆಯಲ್ಲಿ ಕೋಟೆ ಗರಡಿಯ ಉಸ್ತಾದರು, ಭರಮಣ್ಣ ಒಂದಲ್ಲ ಒಂದು ದಿನ ನಮ್ಮಲ್ಲಿಗೆ ಬರುತ್ತಾನೆ ಎಂದಿದ್ದರಂತೆ. ಅದನ್ನು ಕೇಳಿದವರು ಇಬ್ಬರು ಸಿಕ್ಕರು. ಶೆಟ್ಟರಿಗೆ ಅಷ್ಟು ಸಾಕಾಯಿತು. ಭರಮಣ್ಣನ ವಿಷಯ ಜೋಡಿ ಕಟ್ಟುವ ಮುಂಚೆಯೇ ತೀರ್ಮಾನವಾಗಿತ್ತು, ಅವನು ಇಳಿಯಬಹುದು ಎಂದು ಹೇಳಿದರು. ಜನ ಅವರನ್ನು ಕೊಂಡಾಡಿದರು.

ದುರುಗಪ್ಪನ ವಿಷಯ ಯಾರೂ ಎತ್ತಲಿಲ್ಲ. ಅವನು ಜೋಡಿ ಕಟ್ಟಿದ ಮೇಲೆ ಗರಡಿ ಬದಲಿಸಿದವನು. ಕಟ್ಟಳೆಯಂತೆ ಅವನು ಆ ವರ್ಷ ಕೂತ. ಕೋಟೆಯಲ್ಲಿ ಅವನಿಗೆ ಕಟ್ಟಿದ್ದ ಜೋಡಿಯನ್ನು ಬೇರೆಯವನಿಗೆ ಕೊಟ್ಟರು.

ಹೊಳೆ ಗರಡಿಯಲ್ಲಿ ಮೊದಮೊದಲು ದುರುಗಪ್ಪನನ್ನು ಯಾರೂ ಮಾತಾಡಿಸಲಿಲ್ಲ. ಚಿನ್ನ ಕೊಟ್ಟು ತಂದ ಹಿತ್ತಾಳೆಯಂತೆ ಅವನನ್ನು ನೋಡಿದರು. ಅದೂ ಮಟ್ಟಿಗೆ ಇಳಿಯಲಾರದ ಹಿತ್ತಾಳೆ. ದುರುಗಪ್ಪ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಮಟ್ಟಿಯ ಮಣ್ಣು ಅಗೆದು ಹದ ಮಾಡುತ್ತಿದ್ದ. ಬೇರೆಯವರ ಜೊತೆ ತಾಲೀಮು ಮಾಡುತ್ತಿದ್ದ. ಅವರು ಕುಸ್ತಿಗೆ ಹೊರಟಾಗ ಗರಡಿಯಲ್ಲಿ ಉಳಿಯುತ್ತಿದ್ದ. ಇಮಾಮಸಾಬರೂ ಅವನ ಮುಖ ಸರಿಯಾಗಿ ನೋಡಿರಲಿಲ್ಲ. ಅವನನ್ನು ನೋಡಿದರೆ ಅವರಿಗೆ ಹೋದವನ ನೆನಪಾಗುತ್ತಿತ್ತು.

ಒಂದು ದಿನ ಉಸ್ತಾದರ ಹೆಂಡತಿ ಗಂಡನಿಗೆ ಹೇಳಿದರು: "ಆ ಹುಡುಗನ ಹೆಂಡತಿಗೆ ಹೆರಿಗೆಯಾಯಿತಂತೆ. ಇಲ್ಲಿಂದ ಹೊರಡಲು ನಿಮ್ಮನ್ನು ಕೇಳಬೇಕಲ್ಲ, ಕೇಳಲು ಹೆದರಿಕೊಂಡು ಕೂತಿದ್ದಾನೆ."

ಇಮಾಮಸಾಬರು ಎದ್ದು ಗರಡಿಗೆ ಹೋದರು. ದುರುಗಪ್ಪ ಮಟ್ಟಿಯ ಅಂಚಿನಲ್ಲಿ ಕೂತಿದ್ದ. ಅಂದು ಮೊದಲ ಸಲ ಅವರು ಅವನ ಪಕ್ಕದಲ್ಲಿ ಕೂತರು. ಕೋಟೆಯಲ್ಲಿ ನಿನಗೆ ಯಾರ ಮೇಲೆ ಜೋಡಿ ಕಟ್ಟಿದ್ದರು ಎಂದು ಕೇಳಿದರು. ದುರುಗಪ್ಪ ಹೇಳಿದ. ಅವನನ್ನು ಯಾವ ಪಟ್ಟಿನಿಂದ ಕೆಡವಬೇಕೆಂದಿದ್ದೆ ಎಂದು ಕೇಳಿದರು. ದುರುಗಪ್ಪ ಕೈಯೆತ್ತಿ ತೋರಿಸಲು ಹೋದವನು ಅರ್ಧಕ್ಕೆ ನಿಲ್ಲಿಸಿ ಅತ್ತ. ಇಮಾಮಸಾಬರು ಅವನನ್ನು ಊರಿಗೆ ಕಳಿಸಿದರು. ಮಗುವಿಗೆಂದು ಅವರ ಹೆಂಡತಿ ಹೊಲಿದ ಕುಲಾವಿಯನ್ನೂ ಕೊಟ್ಟು ಕಳಿಸಿದರು.

ಆಮೇಲೆ ಅವರು ಮುರಿಗೆಪ್ಪ ಶೆಟ್ಟರ ಮನೆಗೆ ಹೋದರು. ಯುಗಾದಿ ಹತ್ತಿರ ಬಂದಿತ್ತು. ಶೆಟ್ಟರು ಅವರನ್ನು ಪ್ರೀತಿಯಿಂದ ಕೂರಿಸಿದರು. ಭರಮಣ್ಣನಿಗಾಗಿ ಜಗಳ ತೆಗೆಯಲು ಬಂದಿದ್ದಾರೆ ಎಂದುಕೊಂಡಿದ್ದರು.

ಇಮಾಮಸಾಬರು ಕೇಳಿದರು: "ಯಜಮಾನರೇ, ಇಬ್ಬರು ಒಂದೇ ದಿನ ಒಂದೇ ದೋಣಿಯಲ್ಲಿ ಹೊಳೆ ದಾಟಿದರು. ಒಬ್ಬ ದಾಟಿದ್ದು ಜೋಡಿ ಕಟ್ಟುವ ಮುಂಚೆ, ಇನ್ನೊಬ್ಬ ದಾಟಿದ್ದು ಜೋಡಿ ಕಟ್ಟಿದ ಮೇಲೆ. ಇದು ಹೇಗೆ?"

ಶೆಟ್ಟರು, "ದುರುಗಪ್ಪನ ಪರವಾಗಿ ಯಾರೂ ನನ್ನ ಹತ್ತಿರ ಬರಲಿಲ್ಲ" ಎಂದರು.

"ಬರುವವರು ಇದ್ದರೆ ಅವನಿಗೆ ಕಟ್ಟಳೆ ಯಾಕೆ ಬೇಕಿತ್ತು?"

ಇಷ್ಟು ಹೇಳಿ ಇಮಾಮಸಾಬರು ಎದ್ದರು. ಕೊಟ್ಟ ಮಜ್ಜಿಗೆ ಕುಡಿದು, ನಮಸ್ಕಾರ ಮಾಡಿ ಹೋದರು.

ಶೆಟ್ಟರಿಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ತಾನು ದುರುಗಪ್ಪನ ಮೇಲೆ ಸಿಟ್ಟು ಮಾಡಿಕೊಂಡವನಲ್ಲ, ಅವನಿಗೆ ಕೆಟ್ಟದ್ದು ಬಯಸಿದವನಲ್ಲ ಎಂದು ಅವರು ತಮಗೇ ಹೇಳಿಕೊಂಡರು. ಅದು ನಿಜವೂ ಆಗಿತ್ತು. ದುರುಗಪ್ಪನ ವಿಷಯದಲ್ಲಿ ಅವರು ಏನನ್ನೂ ಯೋಚಿಸಿಯೇ ಇರಲಿಲ್ಲ. ಭರಮಣ್ಣನಿಗಾಗಿ ಊರೂರು ತಿರುಗಿದ ಕಾಲುಗಳು ದುರುಗಪ್ಪನಿಗಾಗಿ ಹೊಸ್ತಿಲು ದಾಟಿರಲಿಲ್ಲ. ಈಗ ದುರುಗಪ್ಪನನ್ನೂ ಇಳಿಸೋಣ ಎಂದರೆ ಅವನ ಜೋಡಿ ಬೇರೆಯವನದಾಗಿತ್ತು. ಅವನ ಕಾಲ ಕಳೆದುಹೋಗಿತ್ತು. ಅದನ್ನು ಹಿಂದಕ್ಕೆ ತರುವ ಶಕ್ತಿ ಯಜಮಾನರಿಗೂ ಇರಲಿಲ್ಲ.

ದೊಡ್ಡ ಕುಸ್ತಿಯ ದಿನ ಬಂತು. ಜನ ಮರಗಳ ಮೇಲೂ ಮಾಳಿಗೆಗಳ ಮೇಲೂ ಕೂತಿದ್ದರು. ಭರಮಣ್ಣ ಲಂಗೋಟಿ ಬಿಗಿದು ಮಟ್ಟಿಯ ಪಕ್ಕ ನಿಂತಿದ್ದ. ಆಗ ಮುರಿಗೆಪ್ಪ ಶೆಟ್ಟರು ಮಟ್ಟಿಯ ನಡುವೆ ಬಂದು ನಿಂತರು.

"ಭರಮಣ್ಣ ಇಂದು ಇಳಿಯುವಂತಿಲ್ಲ. ಅವನ ಜೊತೆಗೆ ಹೊಳೆ ದಾಟಿದವನನ್ನು ನಾನು ಕೂರಿಸಿದ್ದೇನೆ. ಇವನನ್ನು ಇಳಿಯಲು ಬಿಟ್ಟದ್ದು ನನ್ನ ತಪ್ಪು, ಇವನ ತಪ್ಪಲ್ಲ."

ಜನ ಮೊದಲು ನಂಬಲಿಲ್ಲ. ಆಮೇಲೆ ಕೂಗಿದರು. ಕೆಲವರು ಮಣ್ಣಿನ ಹೆಂಟೆ ಎಸೆದರು. ಒಂದು ಶೆಟ್ಟರ ಹಣೆಗೆ ಬಿತ್ತು. ಅವರು ಒರೆಸಿಕೊಳ್ಳಲಿಲ್ಲ. ಕೋಟೆ ಗರಡಿಯ ಉಸ್ತಾದರು, ನೀವು ಆಟವನ್ನೇ ಕೊಂದಿರಿ ಎಂದು ಚೀರಿದರು.

ಭರಮಣ್ಣ ಶೆಟ್ಟರ ಹತ್ತಿರ ಬಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಯಜಮಾನರೇ, ಈ ಮಾತನ್ನು ಅಂದೇ ಹೇಳಿದ್ದರೆ ನಾನು ಹಿಂದಕ್ಕೆ ಹೋಗುತ್ತಿದ್ದೆ. ದುರುಗಪ್ಪನೂ ಮನೆಗೆ ಹೋಗುತ್ತಿದ್ದ."

ಭರಮಣ್ಣ ಮಟ್ಟಿಯ ಮಣ್ಣನ್ನು ಹಣೆಗೆ ಹಚ್ಚಿಕೊಂಡು ಹೊರಗೆ ನಡೆದ. ಜನರ ನಡುವೆ ಇಮಾಮಸಾಬರು ನಿಂತಿದ್ದರು. ಅವನು ಅವರ ಕಾಲಿಗೆ ಬಿದ್ದ. ಅವರು ಅವನನ್ನು ಎಬ್ಬಿಸಿ, ಬೆಳಿಗ್ಗೆ ಏನಾದರೂ ತಿಂದಿದ್ದೀಯಾ ಎಂದು ಕೇಳಿದರು. ಕುಸ್ತಿಯ ದಿನ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಅದು ಅವರೊಬ್ಬರಿಗೇ ಗೊತ್ತಿತ್ತು.

ಜನ ದುಡ್ಡು ಕೊಡದೆ ಎದ್ದುಹೋದ ಕಾರಣ ಆ ವರ್ಷ ಆದಾಯ ಬರಲಿಲ್ಲ. ಚಿಕ್ಕ ಗರಡಿಗಳು ಕಷ್ಟಪಟ್ಟವು. ಹೊಳೆ ಗರಡಿಯೂ ಕಷ್ಟಪಟ್ಟಿತು. ಹಲವರು ಶೆಟ್ಟರಿಗೆ ಶಾಪ ಹಾಕಿದರು. ಹಿರಿಯರು ಅವರನ್ನು ಯಜಮಾನಿಕೆಯಿಂದ ಇಳಿಸಿದರು. ಶೆಟ್ಟರು ಮರುಮಾತಾಡದೆ ಅಂಗಡಿಗೆ ಹೋಗಿ ಕೂತರು.

ಮುಂದಿನ ವರ್ಷ ಭರಮಣ್ಣ ಕೋಟೆ ಗರಡಿಯಿಂದಲೇ ಇಳಿದು ದೊಡ್ಡ ಕುಸ್ತಿ ಗೆದ್ದ. ಅವನಿಗೆ ಹೋದದ್ದು ಒಂದು ಕುಸ್ತಿ ಮಾತ್ರ. ದುರುಗಪ್ಪ ಹೊಳೆ ಗರಡಿಯಲ್ಲೇ ಉಳಿದ. ಹೆಂಡತಿ ಮಗುವನ್ನು ಕರೆಸಿಕೊಂಡ. ಅವನೂ ಇಳಿದ. ಕೆಲವು ಗೆದ್ದ, ಹೆಚ್ಚು ಸೋತ. ಕೂತ ವರ್ಷದಲ್ಲಿ ಅವನ ಹಿಡಿತ ಸಡಿಲವಾಗಿತ್ತು. ದೊಡ್ಡ ಕುಸ್ತಿಗೆ ಅವನ ಜೋಡಿಯನ್ನು ಮತ್ತೆ ಯಾರೂ ಕಟ್ಟಲಿಲ್ಲ. ಮುರಿಗೆಪ್ಪ ಶೆಟ್ಟರು ಅವನು ಇಳಿಯುವ ಕುಸ್ತಿಗಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ದುರುಗಪ್ಪ ಅವರನ್ನು ನೋಡಿದರೆ ನಮಸ್ಕಾರ ಮಾಡುತ್ತಿದ್ದ. ಅವನ ಮನಸ್ಸಿನಲ್ಲಿ ಹಗೆ ಇರಲಿಲ್ಲ. ಶೆಟ್ಟರಿಗೆ ಅದೇ ಸಹಿಸಲು ಕಷ್ಟವಾಗುತ್ತಿತ್ತು.

ಗುರುಗಳು ಕತೆ ಮುಗಿಸಿದರು.

ನಾಗಭೂಷಣ ಕೇಳಿದ: "ಅರ್ಥವಾಯಿತು, ಗುರುಗಳೇ. ಶೆಟ್ಟರು ಕೊನೆಗೆ ಮಾಡಿದ್ದನ್ನು ನಾನು ಮೊದಲೇ ಮಾಡಬೇಕು. ಕುಶಾಲಪ್ಪನನ್ನು ಕೂರಿಸಬೇಕು. ಅಲ್ಲವೇ? ಅಥವಾ ಇಬ್ಬರಿಗೂ ಸಡಿಲಿಸಿ ಇಬ್ಬರನ್ನೂ ಆಡಿಸಬಹುದೇ? ನಿಯಮದಲ್ಲಿ ದಯೆಗೂ ಜಾಗ ಇದೆ ಎಂದು ನೀವೇ ಹಿಂದೆ ಹೇಳಿದ್ದಿರಿ."

ಗುರುಗಳು ಅದಕ್ಕೆ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಪ್ರೀತಿಯಿಂದಲೇ ಕೇಳಿದರು:

"ಕುಶಾಲಪ್ಪನ ಬದಲಿಗೆ ಆಚೆ ಹೋದವನ ಹೆಸರೇನು?"

ಶಿಷ್ಯ ಬಾಯಿ ತೆರೆದ. ಹೆಸರು ಬರಲಿಲ್ಲ.